ಒತ್ತಕ್ಷರದ ಮೇಲೆ ಏಟು: ಶಿರಸಿಯಲ್ಲಿ ನಮ್ಮ ಹಾರ್ಡ್‌ಕೋರ್ ಬ್ಯಾಂಡ್

ಶಿರಸಿಯ ಹತ್ತಿರ ಒಂದು ಹಳ್ಳಿಯಲ್ಲಿ ನಮ್ಮ ಮನೆ. ಅಂಗಳದ ಪಕ್ಕ ಅಡಿಕೆ ಸುಲಿಯುವ ಶೆಡ್ಡು. ಸುಲಿತ ಮುಗಿದ ಮೇಲೆ ಅದು ಖಾಲಿ ಬಿದ್ದಿರುತ್ತಿತ್ತು. ಆರು ವರ್ಷ ನಾವು ನಾಲ್ಕು ಜನ ಅಲ್ಲಿ ಹಾರ್ಡ್‌ಕೋರ್ ಪಂಕ್ ನುಡಿಸಿದೆವು. ನಾನು ಗಿಟಾರು ಹಿಡಿದು ಕೂಗುವವನು.

ಹಾರ್ಡ್‌ಕೋರ್ ಅಂದರೆ ಪಂಕ್ ಎಂಬ ಒರಟು ರಾಕ್ ಸಂಗೀತವನ್ನೇ ಇನ್ನೂ ಚುರುಕಾಗಿ, ಇನ್ನೂ ಗಡುಸಾಗಿ ನುಡಿಸುವುದು. 1970ರ ದಶಕದ ಕೊನೆಗೆ ಅಮೆರಿಕದಲ್ಲಿ ಶುರುವಾಯಿತು. ಕ್ಯಾಲಿಫೋರ್ನಿಯಾದ ಬ್ಲ್ಯಾಕ್ ಫ್ಲ್ಯಾಗ್, ವಾಷಿಂಗ್ಟನ್ನಿನ ಬ್ಯಾಡ್ ಬ್ರೇನ್ಸ್, ಮೈನರ್ ಥ್ರೆಟ್ ಇದರ ಮೊದಮೊದಲ ಬ್ಯಾಂಡುಗಳು. ಎಷ್ಟೋ ಹಾಡು ಒಂದೂವರೆ ನಿಮಿಷಕ್ಕೆ ಮುಗಿದುಹೋಗುತ್ತವೆ. ಆ ವೇಗಕ್ಕಿಂತ ಜಾಸ್ತಿ ನನ್ನನ್ನು ಹಿಡಿದದ್ದು ಅವರು ಕೆಲಸ ಮಾಡಿದ ರೀತಿ. 1980ರಲ್ಲಿ, ಮುಂದೆ ಮೈನರ್ ಥ್ರೆಟ್ ಕಟ್ಟಿದ ಇಯಾನ್ ಮ್ಯಾಕೇ, ಜೆಫ್ ನೆಲ್ಸನ್ ತಮ್ಮ ಆಗಿನ ಬ್ಯಾಂಡಿನ ರೆಕಾರ್ಡ್ ತರಲು ಡಿಸ್ಕಾರ್ಡ್ ಎಂಬ ಪುಟ್ಟ ಕಂಪನಿ ಶುರು ಮಾಡಿದರು. ಹೊದಿಕೆಯ ಕಾಗದವನ್ನು ಗೆಳೆಯರ ಜೊತೆ ಕೂತು ತಾವೇ ಕತ್ತರಿಸಿ, ಮಡಚಿ, ಅಂಟಿಸಿದರು. ಅದನ್ನು ಓದಿದಾಗ ನನಗೆ ಕಣ್ಣೆದುರು ಬಂದದ್ದು ನಮ್ಮ ಮನೆಯ ಅಡಿಕೆ ಸುಲಿತ. ರಾತ್ರಿ ಅಕ್ಕಪಕ್ಕದವರೆಲ್ಲ ಬಂದು, ಸಾಲಾಗಿ ಕೂತು, ಮಾತಾಡುತ್ತಾ ಸುಲಿಯುವುದು. ಇದು ನಮಗೂ ಆಗುವ ಕೆಲಸ ಅಂತ ಅವತ್ತೇ ಅನ್ನಿಸಿತು.

ಸದ್ದು ಹೊರಗೆ ಹೋಗದಂತೆ ಅಡಿಕೆ ಸಿಪ್ಪೆಯನ್ನೇ ಬಳಸಿದೆವು. ಒಣಗಿದ ಸಿಪ್ಪೆಯನ್ನು ಗೋಣಿಚೀಲಕ್ಕೆ ತುಂಬಿ, ಮೂರು ಗೋಡೆಗೂ ಆಳೆತ್ತರಕ್ಕೆ ಪೇರಿಸಿದೆವು. ಡ್ರಮ್ಮಿನ ಗದ್ದಲ ಒಳಗೇ ಇಂಗಿತು. ಆಮೇಲೆ ಬಂತು ಕರೆಂಟಿನ ತೊಂದರೆ. ಗಿಟಾರಿನ ತಂತಿ ಹಿಡಿದು ಮೈಕಿಗೆ ತುಟಿ ತಾಗಿಸಿದರೆ ಜುಂ ಅಂತ ಹೊಡೆಯುತ್ತಿತ್ತು. ಮನೆಗೆ ಸರಿಯಾದ ಅರ್ಥಿಂಗ್ ಇರಲಿಲ್ಲ. ಊರಿನ ಎಲೆಕ್ಟ್ರಿಷಿಯನ್ ಬಂದು ಗುಂಡಿ ತೋಡಿ, ಇದ್ದಿಲು, ಉಪ್ಪು ಪದರಪದರವಾಗಿ ಹಾಕಿ ಪೈಪು ಹೂತರು. ಹೊಡೆಯುವುದೂ ನಿಂತಿತು, ಆಂಪ್ಲಿಫೈಯರಿನ ಗುಂಯ್ ಸದ್ದೂ ಕಡಿಮೆಯಾಯಿತು. ಹೊಸದಾಗಿ ಬ್ಯಾಂಡ್ ಮಾಡುವವರು ಒಳ್ಳೆ ಗಿಟಾರಿಗಿಂತ ಮೊದಲು ಇದಕ್ಕೆ ದುಡ್ಡು ಹಾಕಬೇಕು. ಇದು ಜೀವದ ಪ್ರಶ್ನೆ.

ಎರಡು ವರ್ಷ ನಾನು ಇಂಗ್ಲಿಷಿನಲ್ಲೇ ಕೂಗಿದೆ. ತಾಳಕ್ಕೆ ಸರಿ ಕೂರುತ್ತಿತ್ತು, ಆದರೆ ಆ ಸಿಟ್ಟು ನನ್ನದಾಗಿರಲಿಲ್ಲ. ಕನ್ನಡಕ್ಕೆ ಬಂದರೆ ಹಾಡು ಕುಂಟುತ್ತಿತ್ತು. ನಮ್ಮ ಶಬ್ದಗಳು ಸ್ವರದಲ್ಲಿ ಮುಗಿಯುತ್ತವೆ, ಪ್ರತ್ಯಯ ಸೇರಿ ಉದ್ದವಾಗುತ್ತವೆ. 'ಹೋಗುತ್ತಿದ್ದೇವೆ' ಅನ್ನುವಷ್ಟರಲ್ಲಿ ಡ್ರಮ್ಮು ಮುಂದಿನ ಸಾಲಿಗೆ ಹೋಗಿರುತ್ತಿತ್ತು. ನಿಮಿಷಕ್ಕೆ 200 ಏಟಿನ ವೇಗ, ಅಲ್ವಾ?

ದಾರಿ ತೋರಿಸಿದ್ದು ನಮ್ಮ ಡ್ರಮ್ಮರ್. ಅವನು ಚಿಕ್ಕಂದಿನಲ್ಲಿ ಚಂಡೆ ಕಲಿತವನು. ಒಂದು ದಿನ ನಾನು ಬರೆದದ್ದನ್ನು ಓದಿ, "ಒತ್ತಕ್ಷರ ಎಲ್ಲಿದೆ ನೋಡು, ಅಲ್ಲಿ ನಾನು ಸ್ನೇರ್ ಹೊಡೀತೆ" ಅಂದ. ಸ್ನೇರ್ ಅಂದರೆ ಚಟ್ ಅಂತ ಸದ್ದು ಮಾಡುವ ಡ್ರಮ್ಮು. ಕಟ್ಟು, ಬಿಟ್ಟು, ನಿಲ್ಲು, ಒಪ್ಪು. ನಾಲಿಗೆ ಒತ್ತುವ ಜಾಗದಲ್ಲೇ ಕೋಲು ಬೀಳಬೇಕು. ಅವತ್ತೇ ಉದ್ದನೆಯ ಕ್ರಿಯಾಪದಗಳನ್ನೆಲ್ಲ ಹೊಡೆದುಹಾಕಿದೆ. ಎದುರಿಗೆ ನಿಂತವನಿಗೆ ಹೇಳುವಂಥ ಶಬ್ದಗಳನ್ನು ಮಾತ್ರ ಇಟ್ಟುಕೊಂಡೆ: ಏಳು, ತಡಿ, ಕೊಡಬೇಡ.

ಹೀಗೆ ಹುಡುಕುತ್ತಿದ್ದಾಗ ಸಿಕ್ಕಿದ ಶಬ್ದ 'ಅಪ್ಪಿಕೋ'. 1983ರ ಸೆಪ್ಟೆಂಬರಿನಲ್ಲಿ ನಮ್ಮ ತಾಲೂಕಿನ ಸಾಲ್ಕಣಿಯ ಜನ ಕಾಡಿಗೆ ಹೋಗಿ, ಕಡಿಯಲು ಬಂದವರ ಎದುರು ಮರಗಳನ್ನು ತಬ್ಬಿ ನಿಂತರು. ಆ ಚಳವಳಿಯ ಹೆಸರೇ ಒಂದು ಕೂಗು. ಒತ್ತು ಇದೆ, ಕೊನೆಗೆ ಎಳೆಯಲು ದೀರ್ಘವೂ ಇದೆ. "ಕೊಡಲಿ ಬಂತು, ಅಪ್ಪಿಕೋ! ಗರಗಸ ಬಂತು, ಅಪ್ಪಿಕೋ!" ಇಡೀ ಹಾಡು 50 ಸೆಕೆಂಡು. ನಾವು ಮಾಡಿದ್ದರಲ್ಲಿ ಇದೇ ಒಳ್ಳೆಯದು ಅಂತ ಇವತ್ತಿಗೂ ನಂಬಿದ್ದೇನೆ.

ಕೂಗಿ ಕೂಗಿ ಮೂರನೇ ವರ್ಷ ನನ್ನ ಗಂಟಲು ಕೆಟ್ಟಿತು. ತಿಂಗಳುಗಟ್ಟಲೆ ಮಾತು ಗೊರಗೊರ. ಆಯಿ ನನ್ನನ್ನು ಪಕ್ಕದೂರಿನ ಹಿರಿಯ ಯಕ್ಷಗಾನ ಭಾಗವತರ ಹತ್ತಿರ ಕಳಿಸಿದಳು. ರಾತ್ರಿಯಿಡೀ ಚಂಡೆಯ ಅಬ್ಬರದ ಮೇಲೆ ಪದ ಹೇಳಿದವರು ಅವರು. ಜಗಲಿಯಲ್ಲಿ ಕೂರಿಸಿ, ಕೂಗಿ ತೋರಿಸು ಅಂದರು. ಕೂಗಿದೆ. ಅವರು ನಗಲಿಲ್ಲ. ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು, "ತಮಾ, ಇಲ್ಲಿ ಎಂತದೂ ಅಲುಗ್ತಾ ಇಲ್ಲೆ" ಅಂದರು. ಆಮೇಲೆ ಒಂದು ಏರುಪದದ ಎರಡು ಸಾಲು ಹೇಳಿದರು. ಎಪ್ಪತ್ತು ದಾಟಿದ ಆ ದೇಹದಿಂದ ಬಂದ ದನಿಗೆ ಮೈ ಜುಮ್ಮೆಂದಿತು. ಪ್ರತಿ ಸಾಲಿನ ಮೊದಲು ಉಸಿರು ಎಲ್ಲಿ ತೆಗೆದುಕೊಳ್ಳುವುದು ಅಂತ ಅವರು ಹೇಳಿಕೊಟ್ಟದ್ದನ್ನು ಹಾಡಿನ ಹಾಳೆಯಲ್ಲಿ ಗೀಟು ಹಾಕಿ ಗುರುತು ಮಾಡಿಕೊಂಡೆ. ಮತ್ತೆ ಗಂಟಲು ಕೆಡಲಿಲ್ಲ.

ಹನ್ನೊಂದು ಹಾಡುಗಳನ್ನು ಶೆಡ್ಡಿನಲ್ಲೇ ರೆಕಾರ್ಡ್ ಮಾಡಿ 60 ಸಿಡಿ ಮಾಡಿದೆವು. ಹೊದಿಕೆಗೆ ಅಡಿಕೆ ಹಾಳೆ. ನೀರಲ್ಲಿ ನೆನೆಸಿ, ಕಲ್ಲಿನಡಿ ಒತ್ತಿಟ್ಟು, ಒಣಗಿಸಿ, ಅಚ್ಚು ಹೊಡೆದೆವು. ಮಾಡಿದ್ದು ಜೂನ್‌ನಲ್ಲಿ. ಜುಲೈಗೆ ಎಲ್ಲಕ್ಕೂ ಬೂಷ್ಟು ಹಿಡಿಯಿತು. ಅಳು ಬಂತು. ಜನವರಿಯ ಬಿಸಿಲಲ್ಲಿ ಎಲ್ಲವನ್ನೂ ಮತ್ತೆ ಮಾಡಿದೆವು. ಅವು ಇವತ್ತಿಗೂ ಹಾಗೇ ಇವೆ. ಗಿಟಾರಿನ ತಂತಿಗೂ ಮಳೆಗಾಲ ಶತ್ರುವೇ. ಕಪಾಟಿನೊಳಗೆ ಒಂದು 40 ವಾಟಿನ ಬಲ್ಬು ಉರಿಸಿಟ್ಟು ತುಕ್ಕಿನಿಂದ ಉಳಿಸಿಕೊಂಡೆವು.

ಕಾರ್ಯಕ್ರಮ ಕೊಟ್ಟದ್ದು ಕಡಿಮೆ. ಕುಮಟೆಯ ಒಂದು ಗೋಡೌನಿನಲ್ಲಿ, ಕಾರವಾರದ ಒಂದು ಮನೆಯ ಟೆರೇಸಿನ ಮೇಲೆ, ನಮ್ಮ ಅಂಗಳದಲ್ಲಿ ಎರಡು ಸಲ. ಕಾರವಾರದಲ್ಲಿ 30 ಜನ ಬಂದಿದ್ದರು. ಕಡಲ ಗಾಳಿಗೆ ದನಿ ಹಾರಿಹೋಗುತ್ತಿತ್ತು, ಆದರೂ ಎರಡನೇ ಸಲಕ್ಕೆ ಅಷ್ಟೂ ಜನ 'ಅಪ್ಪಿಕೋ' ಅಂತ ನಮ್ಮ ಜೊತೆ ಕೂಗಿದರು. ಹಾಡು ನಿಲ್ಲಿಸಿ ಸುಮ್ನೆ ಕೇಳುತ್ತಾ ನಿಂತೆ.

ಡ್ರಮ್ಮರ್ ಕೆಲಸಕ್ಕೆ ಬೆಂಗಳೂರಿಗೆ ಹೋದ ಮೇಲೆ ಬ್ಯಾಂಡ್ ನಿಂತಿತು. ಬೇರೆಯವನನ್ನು ಹುಡುಕುವ ಮನಸ್ಸು ಯಾರಿಗೂ ಬರಲಿಲ್ಲ. ಆ ಟೆರೇಸಿನಲ್ಲಿ ನಿಂತು ಕೇಳಿದ್ದ ಮೂವರು ಹುಡುಗರು ಈಗ ಕಾರವಾರದಲ್ಲಿ ನುಡಿಸುತ್ತಾರೆ. ಕೊಂಕಣಿಯಲ್ಲಿ ಬರೆಯುತ್ತಾರಂತೆ. ನನ್ನ ಆಂಪ್ಲಿಫೈಯರ್ ಅವರಿಗೆ ಕೊಟ್ಟೆ. ಮೊನ್ನೆ ಫೋನ್ ಮಾಡಿ, "ಅಣ್ಣ, ಗುಂಯ್ ಅಂತದೆ" ಅಂದರು. ಮೊದಲು ಮೈಕಿನಿಂದ ದೂರ ನಿಲ್ಲಿ, ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸಿ ಅಂದೆ. ಬರುವ ಭಾನುವಾರ ನಾನೂ ಹೋಗುತ್ತಿದ್ದೇನೆ.