ಬೆಳಗಿನ ಐದರ ಅಲಾರಂ, ಒಂಬತ್ತು ಯೂರೋ ಟಿಕೆಟ್: ಬರ್ಲಿನ್‌ನಲ್ಲಿ ನನ್ನ ಟೆಕ್ನೋ ಬೇಸಿಗೆ

2022ರ ಬೇಸಿಗೆಯಲ್ಲಿ ಹನ್ನೆರಡು ವಾರಾಂತ್ಯ ಟೆಕ್ನೋಗೆ, ಅಂದರೆ ಒಂದೇ ಸಮನೆ ಬಡಿಯುವ ವೇಗದ ಎಲೆಕ್ಟ್ರಾನಿಕ್ ಸಂಗೀತಕ್ಕೆ, ಕುಣಿದೆ. ಒಂಬತ್ತು ಸಲ ಕ್ಲಬ್, ಮೂರು ಫೆಸ್ಟಿವಲ್, ನಡುವೆ ಒಂದು ಪೆರೇಡ್. ಎಲ್ಲಾ ಸೇರಿ ಖರ್ಚು ಸುಮಾರು 620 ಯೂರೋ. ಒಂದು ಸೋಮವಾರವೂ ಕೆಲಸಕ್ಕೆ ರಜೆ ಹಾಕಲಿಲ್ಲ. ಇದು ಆಗಲ್ಲ ಅಂದವರು ತುಂಬಾ ಜನ. ಅದಕ್ಕೇ ಬರೆಯುತ್ತಿದ್ದೇನೆ.

ಹೋಲಿಕೆಗೆ 2019ರ ಬೇಸಿಗೆ ಹೇಳಿಬಿಡುತ್ತೇನೆ. ಐದು ವಾರಾಂತ್ಯ, ಎರಡು ಫೆಸ್ಟಿವಲ್, 1,300 ಯೂರೋ ಹೋಗಿತ್ತು. ಅದರಲ್ಲಿ ಅರ್ಧ ಕುಡಿತಕ್ಕೆ ಮತ್ತು ಬೆಳಗಿನ ಜಾವದ ಟ್ಯಾಕ್ಸಿಗೆ. ರಾತ್ರಿ ಹನ್ನೊಂದಕ್ಕೆ ಹೊರಡುವುದು, ಎರಡು ಗಂಟೆ ಸಾಲಿನಲ್ಲಿ ನಿಲ್ಲುವುದು, ನಾಲ್ಕಕ್ಕೆ ಕಾಲು ಸೋಲುವುದು, ಒಳ್ಳೆ ಡೀಜೆಯ ಸರದಿ ಶುರುವಾಗುವ ಹೊತ್ತಿಗೆ ಮನೆಗೆ ವಾಪಸ್. ನೆನಪಿನಲ್ಲಿ ಉಳಿದದ್ದು ಕಡಿಮೆ. ಬ್ಯಾಂಕ್ ಖಾತೆಯಲ್ಲಿ ಉಳಿದದ್ದು ಇನ್ನೂ ಕಡಿಮೆ.

ನನ್ನ ಉಪಾಯ ಒಂದೇ. ಶನಿವಾರ ರಾತ್ರಿ ನಿದ್ದೆ ಮಾಡುವುದು, ಭಾನುವಾರ ಬೆಳಗ್ಗೆ ಒಳಗೆ ಹೋಗುವುದು. ಬರ್ಲಿನ್‌ನ ಕೆಲವು ದೊಡ್ಡ ಕ್ಲಬ್‌ಗಳು ಶನಿವಾರ ಮಧ್ಯರಾತ್ರಿ ಬಾಗಿಲು ತೆರೆದರೆ ಮುಚ್ಚುವುದು ಸೋಮವಾರ ಬೆಳಗ್ಗೆಯೇ. ಇದು ಎಲ್ಲರಿಗೂ ಗೊತ್ತು. ಆದರೂ ಎಲ್ಲರೂ ರಾತ್ರಿ ಒಂದಕ್ಕೇ ಹೋಗಿ ನಿಲ್ಲುತ್ತಾರೆ. ಭಾನುವಾರ ಹಗಲು ಬೆರ್ಗ್‌ಹೈನ್ ಕ್ಲಬ್‌ನ ಮೇಲಿನ ಮಹಡಿಯಲ್ಲಿ, ಪನೋರಮಾ ಬಾರ್‌ನಲ್ಲಿ, ಹೌಸ್ (ಟೆಕ್ನೋಗಿಂತ ತುಸು ನಿಧಾನದ ಕುಣಿತದ ಸಂಗೀತ) ನುಡಿಯುತ್ತಿರುವಾಗ ಕಿಟಕಿಯ ಪರದೆ ಒಂದು ಕ್ಷಣ ತೆರೆದು ಬಿಸಿಲು ಒಳಗೆ ನುಗ್ಗುತ್ತದಲ್ಲಾ, ಅದನ್ನು ನಿದ್ದೆಗಣ್ಣಲ್ಲಿ ನೋಡುವುದಕ್ಕೂ ತಾಜಾ ಕಣ್ಣಲ್ಲಿ ನೋಡುವುದಕ್ಕೂ ತುಂಬಾ ವ್ಯತ್ಯಾಸ ಇದೆ.

"ಅಲಾರಂ ಇಟ್ಕೊಂಡು ಕ್ಲಬ್ಬಿಗೆ ಹೋಗೋದಾ? ಅದೇನು ಆಫೀಸಾ ಮಾರಾಯ?" ಅಂದ ನನ್ನ ರೂಮ್‌ಮೇಟ್. ಇನ್ನೊಬ್ಬಳು ಗೆಳತಿ, ಕುಡಿಯದೆ ಆರು ಗಂಟೆ ಕುಣಿಯೋಕೆ ಆಗಲ್ಲ, ಬರೆದಿಟ್ಕೋ ಅಂದಳು. ಬರೆದಿಟ್ಟುಕೊಂಡೆ.

ಮೊದಲ ಸಲ ಕೆಟ್ಟದಾಗಿ ಕೈಕೊಟ್ಟಿತು. ಜೂನ್‌ನಲ್ಲಿ ಬರ್ಲಿನ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂವರೆಗೆ. ಒಂಬತ್ತಕ್ಕೆ ಮಲಗಿದರೆ ರೂಮಿನಲ್ಲಿ ಹಗಲೇ ಇದೆ. ಒಂದು ಗಂಟೆಯವರೆಗೆ ಹೊರಳಾಡಿ, ಐದಕ್ಕೆ ಎದ್ದು, ತಲೆನೋವಿನಲ್ಲೇ ಹೋದೆ. ಎರಡು ತಾಸಿಗೆ ವಾಪಸ್. ಪ್ರವೇಶಕ್ಕೆ ಕೊಟ್ಟ 18 ಯೂರೋ ದಂಡ. ತಪ್ಪು ಶನಿವಾರದ್ದಲ್ಲ, ಶುಕ್ರವಾರದ್ದು. ಶುಕ್ರವಾರ ತಡವಾಗಿ ಮಲಗಿದವನಿಗೆ ಶನಿವಾರ ಬೇಗ ನಿದ್ದೆ ಎಲ್ಲಿಂದ ಬರಬೇಕು? ಮುಂದಿನ ವಾರದಿಂದ ಗುರುವಾರವೇ ಐದಕ್ಕೆ ಏಳಲು ಶುರು ಮಾಡಿದೆ. ಕಿಟಕಿಗೆ ಕಪ್ಪು ಬಟ್ಟೆ ಹೊಡೆದೆ. ಮೂರನೇ ಶನಿವಾರ ಒಂಬತ್ತೂಕಾಲಿಗೆ ನಿದ್ದೆ ಹತ್ತಿತು. ಅಲ್ಲಿಂದಾಚೆ ತೊಂದರೆ ಆಗಲೇ ಇಲ್ಲ.

ಎರಡನೇ ಸೋಲು ಬಾಗಿಲಲ್ಲಿ. ನಾಲ್ಕು ಜನ ಗುಂಪು ಕಟ್ಟಿಕೊಂಡು ಹೋಗಿದ್ದೆವು, ಜೋರು ಮಾತು, ಕೈಯಲ್ಲಿ ಫೋನ್. ಹೆಸರುವಾಸಿ ಕ್ಲಬ್. ಬಾಗಿಲಲ್ಲಿದ್ದವರು ಇಲ್ಲ ಅಂತ ತಲೆ ಅಲ್ಲಾಡಿಸಿದರು, ಅಷ್ಟೇ. ಮುಂದಿನ ವಾರ ಅದೇ ಬಾಗಿಲಿಗೆ ಒಬ್ಬನೇ ಹೋದೆ. ಆವತ್ತು ಯಾರು ಎಷ್ಟು ಹೊತ್ತಿಗೆ ನುಡಿಸುತ್ತಾರೆ ಅನ್ನುವುದು ಬಾಯಿಪಾಠ ಆಗಿತ್ತು. ಹತ್ತು ನಿಮಿಷದಲ್ಲಿ ಒಳಗಿದ್ದೆ. ಆಮೇಲೆ ಆ ಬೇಸಿಗೆಯಲ್ಲಿ ನನ್ನನ್ನು ಯಾರೂ ವಾಪಸ್ ಕಳಿಸಲಿಲ್ಲ. ಸಾಲು ಸರಿಯಾಗಿ ಎಷ್ಟು ಗಂಟೆಗೆ ಕರಗುತ್ತದೆ ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ಹೇಳಿದರೆ ಆ ಹೊತ್ತಿಗೂ ಸಾಲು ಬೆಳೆಯುತ್ತದೆ.

ಈಗ ಟಿಕೆಟ್ ವಿಷಯ. ಜೂನ್, ಜುಲೈ, ಆಗಸ್ಟ್ ಮೂರು ತಿಂಗಳು ಜರ್ಮನಿಯಲ್ಲಿ ತಿಂಗಳಿಗೆ 9 ಯೂರೋ ಟಿಕೆಟ್ ಇತ್ತು. ಊರೊಳಗಿನ ಬಸ್ಸು, ಟ್ರಾಮ್, ಮೆಟ್ರೋ, ಜೊತೆಗೆ ದೇಶದ ಎಲ್ಲಾ ಪ್ರಾದೇಶಿಕ ರೈಲು. ವೇಗದ ರೈಲು ಇಲ್ಲ. ಮೂರು ತಿಂಗಳ ಪ್ರಯಾಣಕ್ಕೆ 27 ಯೂರೋ. ಲೈಪ್‌ಜಿಗ್‌ಗೆ ವಿಟೆನ್‌ಬರ್ಗ್‌ನಲ್ಲಿ ಗಾಡಿ ಬದಲಿಸಿ ಮೂರು ಗಂಟೆ ಒಳಗೆ ಸೇರುತ್ತಿದ್ದೆ. ಅಲ್ಲಿನ ಡಿಸ್ಟಿಲರಿ ಕ್ಲಬ್ 1992ರಿಂದ ನಡೆದುಬಂದದ್ದು, ಅದನ್ನು ನೋಡಬೇಕು ಅಂತ ತುಂಬಾ ದಿನದಿಂದ ಆಸೆ ಇತ್ತು. ಹೋಗಿ ಬಂದೆ.

ಅದೇ ಉಮೇದಿನಲ್ಲಿ ಫ್ರಾಂಕ್‌ಫರ್ಟ್ ಪಕ್ಕದ ಆಫೆನ್‌ಬಾಖ್‌ಗೂ ಹೊರಟೆ. ಮೈನ್ ನದಿ ದಂಡೆಯ ರಾಬರ್ಟ್ ಜಾನ್ಸನ್ ಕ್ಲಬ್, ಹೌಸ್ ಕೇಳುವವರಿಗೆ ಆ ಹೆಸರು ಸಾಕು. ಪ್ರಾದೇಶಿಕ ರೈಲಿನಲ್ಲಿ ಹತ್ತು ಗಂಟೆ ದಾರಿ, ಐದೋ ಆರೋ ಕಡೆ ಗಾಡಿ ಬದಲಾವಣೆ. ಒಂದು ಕಡೆ ತಪ್ಪಿತು, ಮುಂದಿನದ್ದೆಲ್ಲಾ ತಪ್ಪಿತು. ಅರ್ಧ ದಾರಿ ನಿಂತೇ ಇದ್ದೆ, ಪಾದ ಊದಿಕೊಂಡವು. ರಾತ್ರಿ ಹಾಸ್ಟೆಲ್‌ಗೆ 45 ಯೂರೋ ಕೊಟ್ಟು ಬಿದ್ದುಕೊಂಡೆ, ಕ್ಲಬ್ ನೋಡಲೇ ಇಲ್ಲ. ಆ ದಿನವನ್ನು ನಾನು ಲೆಕ್ಕಕ್ಕೂ ಸೇರಿಸಿಲ್ಲ, ಆದರೆ 45 ಯೂರೋ ಸೇರಿಸಿದ್ದೇನೆ. ನನ್ನ ಮಟ್ಟಿಗೆ ನಾಲ್ಕು ಗಂಟೆ ದಾರಿಯೇ ಗಡಿ. ಅದಕ್ಕಿಂತ ಜಾಸ್ತಿ ದೂರ ಆದರೆ ಕಾಲಿನ ಶಕ್ತಿ ರೈಲಿಗೇ ಹೋಗುತ್ತದೆ.

ಫೆಸ್ಟಿವಲ್‌ನಲ್ಲಿ ಹಣ ಉಳಿಸಿದ್ದು ಕೆಲಸ ಮಾಡಿ. ಮೂರರಲ್ಲಿ ಒಂದಕ್ಕೆ ಮಾತ್ರ ದುಡ್ಡು ಕೊಟ್ಟೆ, 140 ಯೂರೋ. ಉಳಿದೆರಡು ಬರ್ಲಿನ್ ಸುತ್ತಲಿನ ಬ್ರಾಂಡೆನ್‌ಬುರ್ಗ್ ಕಡೆಯ ಸಣ್ಣ ಫೆಸ್ಟಿವಲ್‌ಗಳು, ಕೆರೆ ಪಕ್ಕ, ಕಾಡಿನೊಳಗೆ. ಆರಾರು ಗಂಟೆಯ ಎರಡು ಪಾಳಿ ಮಾಡಿದರೆ ಪ್ರವೇಶ ಉಚಿತ, ಊಟಕ್ಕೆ ಕೂಪನ್. ಮೊದಲೇ ನೂರು ಯೂರೋ ಠೇವಣಿ ಇಟ್ಟುಕೊಂಡು, ಪಾಳಿ ಮುಗಿದ ಮೇಲೆ ವಾಪಸ್ ಕೊಡುತ್ತಾರೆ. ಮೊದಲನೆಯದರಲ್ಲಿ ಗೊತ್ತಾಗದೆ ಶನಿವಾರ ರಾತ್ರಿ ಪಾಳಿ ತಗೊಂಡೆ. ಲೋಟ ತೊಳೆಯುತ್ತಾ, ಐವತ್ತು ಮೀಟರ್ ದೂರದಲ್ಲಿ ನನ್ನ ಇಷ್ಟದ ಡೀಜೆ ನುಡಿಸುವುದನ್ನು ಬೇಲಿಯ ಈಚೆಯಿಂದ ಕೇಳಿದೆ. ತುಂಬಾ ಸಂಕಟ ಆಯಿತು. ಎರಡನೆಯದರಲ್ಲಿ ಗುರುವಾರ ಟೆಂಟ್ ಕಟ್ಟುವ ಪಾಳಿ, ಶುಕ್ರವಾರ ಬೆಳಗಿನ ಗೇಟ್ ಪಾಳಿ ಕೇಳಿ ಪಡೆದೆ. ಜನ ಬರುವ ಹೊತ್ತಿಗೆ ನನ್ನ ಕೆಲಸ ಮುಗಿದಿತ್ತು. ಯಾರಿಗೆ, ಯಾವ ತಿಂಗಳು ಮೇಲ್ ಹಾಕಬೇಕು ಅನ್ನುವುದು ನನ್ನ ಹತ್ತಿರವೇ ಇರಲಿ.

ಖಾಲಿ ಬಾಟಲಿ ಆರಿಸುವ ಪ್ರಯೋಗವನ್ನೂ ಮಾಡಿದೆ. ಅಂಗಡಿಗೆ ಮರಳಿಸಿದರೆ ಠೇವಣಿ ಹಣ ವಾಪಸ್ ಬರುತ್ತದೆ, ಒಮ್ಮೆ ಬಳಸುವ ಪ್ಲಾಸ್ಟಿಕ್ ಬಾಟಲಿಗೆ, ಕ್ಯಾನ್‌ಗೆ 25 ಸೆಂಟ್, ಮಾಮೂಲಿ ಬಿಯರ್ ಬಾಟಲಿಗೆ 8 ಸೆಂಟ್. ಒಂದು ಬೆಳಗ್ಗೆ ಕ್ಯಾಂಪಿನಲ್ಲಿ ಒಂದು ಗಂಟೆ ಸುತ್ತಿ ಹನ್ನೊಂದು ಯೂರೋ ಸಂಪಾದಿಸಿದೆ. ಆದರೆ ಅದನ್ನೇ ನಂಬಿಕೊಂಡು ಬದುಕುವ ಹಿರಿಯರೊಬ್ಬರು ಅದೇ ದಾರಿಯಲ್ಲಿ ಚೀಲ ಹಿಡಿದು ಬರುತ್ತಿದ್ದರು. ನನ್ನ ಚೀಲವನ್ನೂ ಅವರಿಗೇ ಕೊಟ್ಟೆ. ಮತ್ತೆ ಆರಿಸಲಿಲ್ಲ.

ಕಿವಿಯ ವಿಷಯದಲ್ಲಿ ಮಾತ್ರ ಯಾರೂ ಜಿಪುಣತನ ಮಾಡಬೇಡಿ. ಮೊದಲು ಸ್ಪಂಜಿನ ಅಗ್ಗದ ಇಯರ್‌ಪ್ಲಗ್ ಹಾಕಿದ್ದೆ. ಹೈ-ಹ್ಯಾಟ್‌ನ (ತಾಳದಂಥ ವಾದ್ಯದ) ಚುರುಕು ಸದ್ದು ಸತ್ತುಹೋಗಿ ಬರೀ ಬೇಸ್, ಅಂದರೆ ತಗ್ಗಿನ ಸ್ವರ, ಗುಡುಗುತ್ತಿತ್ತು. ಬೇಜಾರಾಗಿ ತೆಗೆದೆ. ಎರಡು ದಿನ ಕಿವಿ ಗುಂಯ್ ಅನ್ನುತ್ತಿತ್ತು, ಹೆದರಿಕೆ ಆಯಿತು. 85 ಡೆಸಿಬಲ್ ಸದ್ದನ್ನು ಎಂಟು ಗಂಟೆ ತಡೆದುಕೊಳ್ಳಬಹುದು, ಪ್ರತಿ 3 ಡೆಸಿಬಲ್ ಏರಿದಾಗಲೂ ಆ ಹೊತ್ತು ಅರ್ಧ ಆಗುತ್ತದೆ ಅನ್ನುವ ಲೆಕ್ಕ ಇದೆಯಲ್ಲಾ. ಅದರ ಪ್ರಕಾರ 100 ಡೆಸಿಬಲ್‌ಗೆ ಕಾಲು ಗಂಟೆ ಮಾತ್ರ. ನಾನು ನಿಲ್ಲುತ್ತಿದ್ದದ್ದು ಆರು ಗಂಟೆ! 25 ಯೂರೋ ಕೊಟ್ಟು ಫಿಲ್ಟರ್ ಇರುವ ಜೋಡಿ ತಂದೆ. ಸದ್ದು ತಗ್ಗಿತು, ಸಂಗೀತ ಹಾಗೇ ಉಳಿಯಿತು.

ಆಮೇಲೆ ಎಲ್ಲಿ ನಿಂತರೆ ಚೆನ್ನ ಅಂತ ಫೋನಿನ ಆ್ಯಪ್‌ನಲ್ಲಿ ಅಳೆಯುತ್ತಾ ಓಡಾಡಿದೆ. ಫೋಟೋ ತೆಗೆಯಬಾರದು ಅಂತ ಕ್ಲಬ್‌ನವರು ಕ್ಯಾಮೆರಾಗೆ ಸ್ಟಿಕ್ಕರ್ ಅಂಟಿಸಿರುತ್ತಾರೆ, ಮೈಕ್‌ಗೆ ಏನೂ ಇಲ್ಲವಲ್ಲ. ಸ್ಪೀಕರ್ ಮುಂದೆ 103 ತೋರಿಸಿತು, ಹತ್ತು ಹೆಜ್ಜೆ ಹಿಂದೆ 97ರ ಸುತ್ತಮುತ್ತ. ಫೋನಿನ ಅಳತೆ ಅಷ್ಟು ಕರಾರುವಾಕ್ಕಲ್ಲ, ಆದರೆ ವ್ಯತ್ಯಾಸ ತಿಳಿಯಲು ಸಾಕು. ಗೋಡೆ ಪಕ್ಕ ಬೇಸ್ ಉಬ್ಬಿಕೊಂಡು ಕಿಕ್ (ದೊಡ್ಡ ಡ್ರಮ್ಮಿನ ಬಡಿತ) ಮಸುಕಾಗುತ್ತದೆ. ನಡುವೆ, ಸ್ವಲ್ಪ ಹಿಂದೆ, ಎರಡೂ ಸ್ಪೀಕರ್ ಸಮ ದೂರ ಇರುವ ಜಾಗವೇ ನನ್ನ ಜಾಗ.

ಬಡಿತಕ್ಕೊಂದು ಹೆಜ್ಜೆ ಅಂತ ಎಣಿಸುವ ಹುಚ್ಚೂ ಹತ್ತಿತ್ತು. ನಿಮಿಷಕ್ಕೆ 124 ಬಡಿತದ ಹೌಸ್ ಆದರೆ ಗಂಟೆಗೆ 7,440 ಬಡಿತ, 140ರ ಟೆಕ್ನೋ ಆದರೆ 8,400. ಕೇಳಲು ಸಣ್ಣ ವ್ಯತ್ಯಾಸ, ಮೀನಖಂಡಕ್ಕೆ ಕೇಳಿ ನೋಡಿ. ಬರೀ ಟೆಕ್ನೋ ಮೂರು ಗಂಟೆಗೆ ನನ್ನನ್ನು ಕೂರಿಸುತ್ತಿತ್ತು. ಒಂದು ಗಂಟೆ ಟೆಕ್ನೋ, ಮುಕ್ಕಾಲು ಗಂಟೆ ಹೌಸ್, ಕಾಲು ಗಂಟೆ ಹೊರಗೆ ಗಾಳಿಗೆ, ಹೀಗೆ ಸುತ್ತು ಹಾಕಿದಾಗ ಆರು ಗಂಟೆ ಆರಾಮಾಗಿ ಆಯಿತು. ಒಂದು ಭಾನುವಾರ ಫೋನ್ 38,000 ಹೆಜ್ಜೆ ತೋರಿಸಿತು. ನಮ್ಮ ಬಳಗದಲ್ಲಿ ಅದನ್ನು ಇನ್ನೂ ಯಾರೂ ಮುರಿದಿಲ್ಲ.

ಹೊಟ್ಟೆಗೆ ಬೆಳಗ್ಗೆ ಓಟ್ಸ್, ಬಾಳೆಹಣ್ಣು. ಪಾಸ್ತಾ ತಿಂದು ಹೋದ ದಿನ ಮೊದಲ ಗಂಟೆ ಹಾಳಾಯಿತು. ಒಳಗೆ ನೀರು, ಮಧ್ಯಾಹ್ನ ಒಂದು ಕ್ಲುಬ್-ಮಾಟೆ, ಅಂದರೆ ಮಾಟೆ ಎಲೆಯ ತಂಪು ಪಾನೀಯ. ಅರ್ಧ ಲೀಟರ್‌ನಲ್ಲಿ 100 ಮಿಲಿಗ್ರಾಂ ಕೆಫೀನ್ ಇದೆ, ಎರಡನೆಯದು ಕುಡಿದರೆ ಭಾನುವಾರ ರಾತ್ರಿ ನಿದ್ದೆ ಬರಲ್ಲ. ಮದ್ಯ ಇಲ್ಲ, ಬೇರೆ ಏನೂ ಇಲ್ಲ.

ಜುಲೈ 9ರ ಶನಿವಾರದ ಪೆರೇಡ್ ಮಾತ್ರ ನನ್ನ ನಿಯಮಕ್ಕೆ ಹೊರಗಿತ್ತು. 1989ರಲ್ಲಿ ನೂರೈವತ್ತು ಜನರ ಜೊತೆ ಲವ್ ಪೆರೇಡ್ ಎಂಬ ಟೆಕ್ನೋ ಮೆರವಣಿಗೆ ಶುರು ಮಾಡಿದ ಡೀಜೆ ಡಾಕ್ಟರ್ ಮೊಟ್ಟೆ (Dr. Motte) ಅವರೇ ಹುಟ್ಟುಹಾಕಿದ ರೇವ್ ದ ಪ್ಲಾನೆಟ್, ಮೊದಲ ಸಲ ಬೀದಿಗಿಳಿದ ದಿನ. ಪ್ರವೇಶಕ್ಕೆ ದುಡ್ಡಿಲ್ಲ. ಅರವತ್ತು ದಾಟಿದ ದಂಪತಿ ಸಂಗೀತದ ಲಾರಿಯ ಹಿಂದೆ ಕೈ ಹಿಡಿದು ಕುಣಿಯುತ್ತಿದ್ದರು. ಕೊರೊನಾದಿಂದ ಎರಡು ವರ್ಷ ಬಹುಪಾಲು ಮುಚ್ಚಿದ್ದ ಕ್ಲಬ್‌ಗಳು ಮಾರ್ಚ್‌ನಲ್ಲಷ್ಟೇ ಮತ್ತೆ ತೆರೆದಿದ್ದವು. ಅವರನ್ನು ನೋಡಿ ನನ್ನ ಕಣ್ಣು ತುಂಬಿ ಬಂತು.

ಆಗಸ್ಟ್‌ನ ಕೊನೇ ಭಾನುವಾರ ಬೆಳಗ್ಗೆ ಐದಕ್ಕೆ ಎದ್ದರೆ ಅಡುಗೆಮನೆಯಲ್ಲಿ ದೀಪ ಉರಿಯುತ್ತಿತ್ತು. ರೂಮ್‌ಮೇಟ್ ಶೂ ಕಟ್ಟಿಕೊಂಡು, ಓಟ್ಸ್ ಎರಡು ಬಟ್ಟಲಿಗೆ ಹಾಕಿ ಕೂತಿದ್ದ. "ಮಾತಾಡ್ಬೇಡ, ನಡಿ" ಅಂದ. ಮಧ್ಯಾಹ್ನ ಎರಡರವರೆಗೆ ಕುಣಿದೆವು.