ಕೆಟಲ್ ತಳದ ಬಿಳಿ ಪದರ ಕೊನೆಗೂ ಬಿಟ್ಟಿತು

ನಮ್ಮ ಮನೆ ವೈಟ್‌ಫೀಲ್ಡ್ ಕಡೆ. ಕಾವೇರಿ ನೀರಿಲ್ಲ, ಬೋರ್‌ವೆಲ್ಲೇ ಗತಿ. ಆರು ತಿಂಗಳಲ್ಲಿ ಎಲೆಕ್ಟ್ರಿಕ್ ಕೆಟಲ್ ತಳದಲ್ಲಿ ಸುಣ್ಣದಂಥ ಪದರ ಕಟ್ಟಿತ್ತು. ಒಂದೂವರೆ ಲೀಟರ್ ನೀರು ತುಂಬಿ, ಒಂದು ದೊಡ್ಡ ಚಮಚ ವಿನೆಗರ್ ಹಾಕಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ನೋಡಿದರೆ ಪದರ ಹಾಗೇ ಕೂತಿತ್ತು!

ತಪ್ಪು ನನ್ನದೇ. ಅಡುಗೆ ವಿನೆಗರ್‌ನಲ್ಲಿ ಅಸಿಟಿಕ್ ಆಮ್ಲ ಇರುವುದೇ ಸುಮಾರು 4–5%. ಅದನ್ನೂ ನಾನು ನೂರು ಪಟ್ಟು ತೆಳು ಮಾಡಿದ್ದೆ. ಈ ಪದರ ಹೆಚ್ಚಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಆಮ್ಲದ ಕಣಗಳು ಬಂದು ತಾಗಿದರೆ ತಾನೇ ಅದು ಕರಗೋದು? ಕಣಗಳು ಜಾಸ್ತಿ ಇದ್ದಷ್ಟೂ ತಾಗುವುದೂ ಜಾಸ್ತಿ, ಕೆಲಸವೂ ಬೇಗ.

ಮರುದಿನ ತಳ ಮುಳುಗುವಷ್ಟು ಮಾತ್ರ ಹಾಕಿದೆ: ಒಂದು ಲೋಟ ವಿನೆಗರ್, ಒಂದು ಲೋಟ ನೀರು. ಸ್ವಲ್ಪ ಬಿಸಿ ಮಾಡಿ ಸ್ವಿಚ್ ಆರಿಸಿದೆ. ಬಿಸಿಯಲ್ಲಿ ಇನ್ನೂ ಚುರುಕು. ತಕ್ಷಣ ಸೋಡಾ ಥರ ಗುಳ್ಳೆ ಎದ್ದವು. ಅದು ಕಾರ್ಬನ್ ಡೈಆಕ್ಸೈಡ್. ಮುಕ್ಕಾಲು ಗಂಟೆಯಲ್ಲಿ ಸ್ಟೀಲ್ ತಳ ಕಂಡಿತು. (ಮನೆ ತುಂಬ ಗೋಬಿ ಮಂಚೂರಿ ಗಾಡಿಯ ವಾಸನೆ, ಅದು ಬೇರೆ ಮಾತು.)

ಹಾಗಂತ ಬಾತ್‌ರೂಮ್ ಆಸಿಡ್ ಸುರಿಯೋಕೆ ಹೋಗಬೇಡಿ. ಅದರಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ, ಸ್ಟೀಲನ್ನೇ ತಿನ್ನುತ್ತದೆ. ನಾನು ಎರಡು ಸಲ ಬರೀ ನೀರು ಕುದಿಸಿ ಚೆಲ್ಲಿ, ಆಮೇಲೆ ಕಾಫಿಗೆ ನೀರಿಟ್ಟೆ.