ಪ್ಯಾಕ್ ಅನ್ನಲು ಕಲಿತೆ: ಉಡುಪಿಯ ಶನಿವಾರದ ಪೋಕರ್

ನಮ್ಮ ಭಾವ ರಮ್ಮಿಯಲ್ಲಿ ಗಟ್ಟಿಗರು. ಹದಿಮೂರು ಎಲೆ ಕೈಗೆ ಬಂದ ಕೂಡಲೇ ಒಂದು ಸಲ ಕಣ್ಣು ಹಾಯಿಸುತ್ತಾರೆ. ಸೀಕ್ವೆನ್ಸ್ ಆಗುವ ಲಕ್ಷಣ ಇಲ್ಲ, ಜೋಕರೂ ಇಲ್ಲ ಅಂದರೆ 20 ಪಾಯಿಂಟ್ ಬರೆಸಿಕೊಂಡು ಡ್ರಾಪ್. ಮಧ್ಯದಲ್ಲಿ ಬಿಟ್ಟರೆ 40, ಕೊನೆವರೆಗೆ ಹೋಗಿ ಸಿಕ್ಕಿಬಿದ್ದರೆ 80. ಈ ಲೆಕ್ಕ ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದೇ ಭಾವ ಪೋಕರ್‌ಗೆ ಕೂತರೆ ಕಳಾವರ್ ಏಳು, ಡೈಮಂಡ್ ಎರಡು ಹಿಡಿದುಕೊಂಡು "ನೋಡುವ ಮಾರಾಯ, ಎಂತ ಬರ್ತದೆ ಅಂತ" ಎಂದು ಮಣಿ (ದುಡ್ಡಿನ ಬದಲು ನಾವಿಡುವ ಬೀಜ, ಕವಡೆ) ಹಾಕುತ್ತಿದ್ದರು. ಇಲ್ಲಿ ಎಲೆ ಬಿಡಲು, ಅಂದರೆ ಪ್ಯಾಕ್ ಅನ್ನಲು, 20 ಪಾಯಿಂಟೂ ಕೊಡಬೇಕಾಗಿಲ್ಲ, ಹೆಚ್ಚಿನ ಸಲ ಪುಕ್ಕಟೆ. ಆದರೂ ಬಿಡುವುದಿಲ್ಲ!

ಭಾವ ಒಬ್ಬರೇ ಅಲ್ಲ. ಕುಂಜಿಬೆಟ್ಟಿನ ನಮ್ಮ ಮನೆಯಲ್ಲಿ ಶನಿವಾರ ಸಂಜೆ ಸೇರುವ ಆರು ಜನರಲ್ಲಿ ಯಾರೂ ಬಿಡುತ್ತಿರಲಿಲ್ಲ. ರಿಟೈರ್ ಆದ ಲೆಕ್ಕದ ಮೇಷ್ಟ್ರು, ಹಲ್ಲಿನ ಡಾಕ್ಟ್ರು, ಪಕ್ಕದ ಮನೆಯ ಇಬ್ಬರು ಹುಡುಗರು, ಭಾವ, ನಾನು. ಮಳೆಗಾಲದಲ್ಲಿ ಹೊತ್ತು ಹೋಗಲಿ ಅಂತ ಶುರುವಾದದ್ದು ಈಗ ವರ್ಷವಿಡೀ ನಡೆಯುತ್ತದೆ. ಇಂಥ ಮೇಜಿನಲ್ಲಿ ನನ್ನ ಆಟ ಹೇಗೆ ಸುಧಾರಿಸಿತು ಅನ್ನುವುದಷ್ಟೇ ಇಲ್ಲಿನ ವಿಷಯ. ದೊಡ್ಡ ಆಟಗಾರರಿಗೆ ಇದರಲ್ಲಿ ಹೊಸದೇನೂ ಸಿಗಲಿಕ್ಕಿಲ್ಲ.

ನಾವು ಆಡುವುದು ಟೆಕ್ಸಾಸ್ ಹೋಲ್ಡೆಮ್. ಪ್ರತಿಯೊಬ್ಬರಿಗೂ ಎರಡು ಎಲೆ ಮುಚ್ಚಿ ಕೊಡುತ್ತಾರೆ. ನಡುವೆ ಬಿಚ್ಚುವ ಐದು ಎಲೆ ಎಲ್ಲರಿಗೂ ಸೇರಿದ್ದು. ಮೊದಲು ಮೂರು ಒಟ್ಟಿಗೆ, ಅದು ಫ್ಲಾಪ್. ಆಮೇಲೆ ಟರ್ನ್, ಕೊನೆಗೆ ರಿವರ್, ಒಂದೊಂದೇ ಎಲೆ. ಪ್ರತಿ ಹಂತದಲ್ಲೂ ಸರದಿಯಂತೆ ಮಣಿ ಹಾಕುತ್ತಾರೆ, ಸುಮ್ಮನಾಗುತ್ತಾರೆ, ಇಲ್ಲವೇ ಎಲೆ ಬಿಡುತ್ತಾರೆ. ಏಳು ಎಲೆಯಲ್ಲಿ ಒಳ್ಳೆಯ ಐದು ಯಾರದ್ದೋ ಅವರು ಗೆದ್ದರು. ಮೂರೆಲೆ ಆಡಿದವರಿಗೆ ಹಿಡಿತಕ್ಕೆ ಬರಲು ಅರ್ಧ ಗಂಟೆ ಸಾಕು.

ದುಡ್ಡು ಇಡುವುದಿಲ್ಲ ಎನ್ನುವುದು ಮೊದಲ ದಿನದ ನಿಯಮ. ಉಲಾಯಿ-ಪಿದಾಯಿ (ಅಂದರ್-ಬಾಹರ್ ಜೂಜು) ಅಡ್ಡೆಗೆ ಪೊಲೀಸರ ದಾಳಿ ಅಂತ ನಮ್ಮ ಕಡೆಯ ಪೇಪರಿನಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಆ ಪಟ್ಟಿಯಲ್ಲಿ ಮೇಷ್ಟ್ರ ಹೆಸರು ಬರುವುದು ಯಾರಿಗೆ ಬೇಕು? ಮೊಬೈಲಿನಲ್ಲಿ ದುಡ್ಡು ಕಟ್ಟಿ ಆಡುವ ಆಟಗಳನ್ನೂ 2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸು ಮಾಡಿದ ಕಾನೂನು ನಿಷೇಧಿಸಿತು. ಗೋವಾಕ್ಕೆ ಹೋಗಿ ಮಾಂಡೋವಿ ನದಿಯ ಹಡಗಿನಲ್ಲಿ ಆಡುವವರು ಇದ್ದಾರೆ. ಅಲ್ಲಿ ಎದುರು ಕೂತವರನ್ನು ಸೋಲಿಸಿದರೆ ಸಾಲದು, ಆಡಿಸುವವರು ತೆಗೆದುಕೊಳ್ಳುವ ಪಾಲನ್ನೂ ಮೀರಿ ಗೆಲ್ಲಬೇಕು. ನನಗೆ ಆ ಉಸಾಬರಿ ಬೇಡ.

ಆದರೆ ದುಡ್ಡಿಲ್ಲದ ಪೋಕರ್‌ಗೆ ಒಂದು ರೋಗ ಉಂಟು. ಕಳೆದುಕೊಳ್ಳಲು ಏನೂ ಇಲ್ಲದಾಗ ಎಲ್ಲರೂ ಎಲ್ಲ ಕೈಯನ್ನೂ ಆಡುತ್ತಾರೆ, ಇರುವುದನ್ನೆಲ್ಲ ಸುಮ್ನೆ ನೂಕುತ್ತಾರೆ. ಅದರಲ್ಲಿ ಕಲಿಯುವುದು ಏನೂ ಇಲ್ಲ. ಹಾಗಾಗಿ ಆಟವನ್ನು ಟೂರ್ನಿ ಮಾಡಿದೆವು. ಅಮ್ಮನ ಚೆನ್ನೆಮಣೆಯ ಮಂಜೊಟ್ಟಿ ಕಾಯಿ 56 ಇದ್ದವು. ಒಬ್ಬರಿಗೆ ಒಂಬತ್ತು, ಒಂದಕ್ಕೆ 25ರ ಲೆಕ್ಕ. ಹುಣಸೆ ಬೀಜ ಹದಿನೈದು, ಒಂದಕ್ಕೆ 5. ಕವಡೆ ಎರಡು, ಒಂದಕ್ಕೆ 100. ಒಟ್ಟು 500. ಮಂಜೊಟ್ಟಿ ಎರಡು ಮಿಕ್ಕುತ್ತವೆ, ಅವು ಪೆಟ್ಟಿಗೆಯಲ್ಲೇ ಇರಲಿ. ಹಂಚುವವನ ಗುರುತಿಗೆ ಒಂದು ಗೋಟಡಿಕೆ, ಅದು ಪ್ರತಿ ಆಟಕ್ಕೂ ಒಬ್ಬರಿಂದ ಇನ್ನೊಬ್ಬರ ಮುಂದೆ ಸರಿಯುತ್ತದೆ. ಅಡಿಕೆ ಇದ್ದವನ ನಂತರದ ಇಬ್ಬರು ಎಲೆ ನೋಡುವ ಮೊದಲೇ 5 ಮತ್ತು 10 ಹಾಕಬೇಕು. ಅರ್ಧ ಗಂಟೆಗೊಮ್ಮೆ ಅದು ದುಪ್ಪಟ್ಟು. ಮಣಿ ಮುಗಿದವನು ಆಟದಿಂದ ಹೊರಗೆ, ಮತ್ತೆ ಕೊಡುವುದಿಲ್ಲ. ಮೊದಲು ಹೊರಬಿದ್ದವನು ಎಲ್ಲರಿಗೂ ಚಾ ಮಾಡಿ ಲೋಟ ತೊಳೆಯಬೇಕು. ಇಷ್ಟಕ್ಕೇ ಮಣಿಗೆ ಬೆಲೆ ಬಂತು. ಡಾಕ್ಟ್ರು ಒಂದು ಹುಣಸೆ ಬೀಜ ಹಾಕಲೂ ಯೋಚಿಸುವ ಹಾಗಾಯಿತು.

ನಾನು ಮೊದಲು ಹಿಡಿದದ್ದು ಯಾವ ಎಲೆಗೆ ಕೂರಬೇಕು ಎಂಬ ಪ್ರಶ್ನೆಯನ್ನು. 52 ಎಲೆಯಲ್ಲಿ ಎರಡೆರಡನ್ನು 1,326 ರೀತಿಯಲ್ಲಿ ಜೋಡಿಸಬಹುದು. ಜೋಡಿ ಎಲೆ ಬರುವುದು 17ಕ್ಕೆ ಒಂದು ಸಲ. ಎರಡು ಎಕ್ಕ ಬರುವುದು 221ಕ್ಕೆ ಒಂದು ಸಲ, ಅಂದರೆ ಎಷ್ಟೋ ಶನಿವಾರ ಅದರ ಮುಖವೇ ಕಾಣುವುದಿಲ್ಲ. ಜೋಡಿಯಲ್ಲದ ಎರಡು ಎಲೆ ಇದ್ದರೆ ಫ್ಲಾಪ್‌ನಲ್ಲಿ ಜೋಡಿಯೋ ಅದಕ್ಕಿಂತ ಒಳ್ಳೆಯದೋ ಸಿಗುವುದು ಮೂರರಲ್ಲಿ ಒಂದು ಸಲ ಮಾತ್ರ. ಮೂರರಲ್ಲಿ ಎರಡು ಸಲ ಖಾಲಿ ಕೈ. ಇದು ತಲೆಗೆ ಇಳಿದ ಮೇಲೆ ಕಳಾವರ್ ಏಳು, ಡೈಮಂಡ್ ಎರಡಕ್ಕೆ ಮಣಿ ಹಾಕುವ ಮನಸ್ಸೇ ಬರುವುದಿಲ್ಲ.

ಅಕ್ಕನ ಮಗಳು ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾಳೆ. ಅವಳು ಒಂದು ಸಣ್ಣ ಪ್ರೋಗ್ರಾಂ ಬರೆದುಕೊಟ್ಟಳು. ನಮ್ಮ ಎರಡು ಎಲೆ, ಎದುರು ಎಷ್ಟು ಜನ ಎಂದು ಹಾಕಿದರೆ ಅದು ಲಕ್ಷಗಟ್ಟಲೆ ಸಲ ಎಲೆ ಹಂಚಿ ಗೆಲುವಿನ ಲೆಕ್ಕ ಕೊಡುತ್ತದೆ. ಎರಡು ಎಕ್ಕ ಹಿಡಿದಾಗ ಎದುರು ಯಾವುದೋ ಎಲೆಯ ಒಬ್ಬನೇ ಇದ್ದರೆ ನೂರಕ್ಕೆ 85 ಸಲ ಗೆಲುವು. ಐದು ಜನ ಇದ್ದರೆ ಅದು 49ಕ್ಕೆ ಇಳಿಯುತ್ತದೆ. "ಮಾವ, ಅಷ್ಟು ಒಳ್ಳೆ ಎಲೆ ಇಟ್ಕೊಂಡು ಎಲ್ಲರನ್ನೂ ಯಾಕೆ ಒಳಗೆ ಬಿಡ್ತೀರಿ?" ಅಂತ ಕೇಳಿದಳು. ಸರಿಯಾದ ಪ್ರಶ್ನೆ. ಅಲ್ಲಿಂದ ಮೇಲೆ ಒಳ್ಳೆಯ ಎಲೆಗೆ ಬರೀ 10 ಹಾಕಿ ಕೂರುವುದನ್ನು ಬಿಟ್ಟೆ. 30ಕ್ಕೆ ಏರಿಸುತ್ತೇನೆ. ಬರುವವರು ಒಬ್ಬಿಬ್ಬರಾದರೆ ಆಟ ನನ್ನ ಕೈಯಲ್ಲಿರುತ್ತದೆ.

ಕೂರುವ ಜಾಗದ ಲೆಕ್ಕ ಇನ್ನೊಂದು. ಅಡಿಕೆ ನಮ್ಮ ಮುಂದಿದ್ದರೆ ಫ್ಲಾಪ್ ನಂತರ ಎಲ್ಲರೂ ಹೇಳಿದ ಮೇಲೆ ನಮ್ಮ ಸರದಿ. ಯಾರು ಹಾಕಿದರು, ಯಾರು ಸುಮ್ಮನಾದರು ಎಲ್ಲ ಗೊತ್ತಿರುತ್ತದೆ. ಮೊದಲು ಹೇಳಬೇಕಾದವನಿಗೆ ಆ ಅನುಕೂಲ ಇಲ್ಲ. ಅದಕ್ಕೇ ಮೊದಲ ಸರದಿಯಲ್ಲಿ ಏಳರ ಮೇಲಿನ ಜೋಡಿ, ಎಕ್ಕದ ಜೊತೆ ರಾಜ, ರಾಣಿ ಅಥವಾ ಗುಲಾಮ, ಇಲ್ಲವೇ ರಾಜ-ರಾಣಿ, ಇಷ್ಟಕ್ಕೆ ಮಾತ್ರ ಆಡುತ್ತೇನೆ. ಅಡಿಕೆ ನನ್ನ ಮುಂದಿದ್ದರೆ ಯಾವ ಜೋಡಿಯಾದರೂ ಸರಿ, ಒಂದೇ ಜಾತಿಯ ಎಂಟು-ಒಂಬತ್ತಾದರೂ ಸರಿ. ಉಳಿದದ್ದಕ್ಕೆಲ್ಲ ಪ್ಯಾಕ್. "ಎಂತ ಮಾರಾಯ್ರೆ, ಆಡ್ಲಿಕ್ಕೆ ಬಂದದ್ದಾ, ನೋಡ್ಲಿಕ್ಕೆ ಬಂದದ್ದಾ?" ಅಂತ ಡಾಕ್ಟ್ರು ಕಾಲೆಳೆದರು. ಎಳೆಯಲಿ.

ನಿಜವಾಗಿ ಆಟ ಬದಲಾದದ್ದು ಮೇಜಿನ ನಡುವಿನ ರಾಶಿಯನ್ನು ಎಣಿಸಲು ಶುರು ಮಾಡಿದಾಗ. ಒಂದು ಕೈಯನ್ನು ಪೂರ್ತಿ ಹೇಳುತ್ತೇನೆ. ಅಡಿಕೆ ನನ್ನ ಮುಂದೆ, ಕೈಯಲ್ಲಿ ಆಟೀನ್ ಎಕ್ಕ, ಆಟೀನ್ ಒಂಬತ್ತು. ನಾನು 30 ಹಾಕಿದೆ, 5 ಹಾಕಿದ್ದ ಭಾವನೂ 30ಕ್ಕೆ ಬಂದರು, 10 ಹಾಕಿದ್ದ ಮೇಷ್ಟ್ರು ಬಿಟ್ಟರು. ರಾಶಿ 70. ಫ್ಲಾಪ್‌ನಲ್ಲಿ ಆಟೀನ್ ರಾಜ, ಆಟೀನ್ ನಾಲ್ಕು, ಕಳಾವರ್ ಏಳು. ಇನ್ನೊಂದು ಆಟೀನ್ ಬಿದ್ದರೆ ನನ್ನದು ಎಲ್ಲಕ್ಕಿಂತ ದೊಡ್ಡ ಫ್ಲಶ್ (ಒಂದೇ ಜಾತಿಯ ಐದು ಎಲೆ). ಭಾವ 35 ಹಾಕಿದರು. ಅವರ ಹತ್ತಿರ ರಾಜ ಇದೆ ಎಂದು ನನಗೆ ಹೆಚ್ಚುಕಡಿಮೆ ಖಾತ್ರಿ.

ಈಗ ಲೆಕ್ಕ. ನಾನು 35 ಹಾಕಿದರೆ ರಾಶಿ 140 ಆಗುತ್ತದೆ. ಅದರಲ್ಲಿ ನನ್ನ ಪಾಲು ಕಾಲು ಭಾಗ. ಅಂದರೆ ನೂರಕ್ಕೆ 25 ಸಲ ಗೆದ್ದರೆ ನಷ್ಟ ಇಲ್ಲ. ಕಾಣದ ಎಲೆ 47, ಅದರಲ್ಲಿ ಆಟೀನ್ ಒಂಬತ್ತು. ಮುಂದಿನ ಎಲೆಯಲ್ಲೇ ಬರುವುದು ನೂರಕ್ಕೆ 19. ಬರೀ ಇದನ್ನು ನೋಡಿದರೆ ಬಿಡಬೇಕು. ಆದರೆ ಭಾವನ ಮುಂದೆ ಇನ್ನೂ 100 ಇದೆ. ಆಟೀನ್ ಬಿದ್ದರೆ ಅವರಿಂದ ಇನ್ನು 43 ವಸೂಲಾದರೂ ಲೆಕ್ಕ ಸರಿಹೋಗುತ್ತದೆ. ಭಾವ ರಾಜನನ್ನು ಬಿಡುವ ಪೈಕಿ ಅಲ್ಲ. ಹಾಕಿದೆ.

ಟರ್ನ್‌ನಲ್ಲಿ ಇಸ್ಪೀಟ್ ಎರಡು. ಏನೂ ಆಗಲಿಲ್ಲ. ಭಾವ ಉಳಿದ 100ನ್ನೂ ನೂಕಿದರು. ಈಗ ರಾಶಿ 240, ನಾನು 100 ಹಾಕಿದರೆ 340. ನೂರಕ್ಕೆ 29 ಸಲ ಗೆಲ್ಲಬೇಕು. ಕಾಣದ ಎಲೆ 46, ಆಟೀನ್ ಒಂಬತ್ತು. ಎಕ್ಕ ಬಂದರೂ ಅವರ ರಾಜನ ಜೋಡಿಯನ್ನು ಹೊಡೆಯುತ್ತೇನೆ ಎಂದು ಉಳಿದ ಮೂರು ಎಕ್ಕವನ್ನೂ ಸೇರಿಸೋಣ. ಹನ್ನೆರಡು. ಆಗಲೂ ನೂರಕ್ಕೆ 26 ಮಾತ್ರ. ಭಾವನ ಹತ್ತಿರ ಆಮೇಲೆ ವಸೂಲಿಗೆ ಏನೂ ಉಳಿದಿಲ್ಲ. ಪ್ಯಾಕ್. ಮುಂದಿನ ಎಲೆ ಏನಿತ್ತು ಅಂತ ಹುಡುಗರು ಬಿಚ್ಚಿ ನೋಡಿದರು. ನಾನು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದಿಲ್ಲ. ತೀರ್ಮಾನ ತೆಗೆದುಕೊಳ್ಳುವಾಗ ಆ ಎಲೆ ನನಗೆ ಕಂಡಿರಲಿಲ್ಲ ಅಲ್ವಾ?

ಮೇಜಿನಲ್ಲಿ ಕೂತು ಇಷ್ಟು ಭಾಗಾಕಾರ ಯಾರು ಮಾಡುತ್ತಾರೆ ಅನ್ನಬೇಡಿ. ಒಂದು ಸುಲಭದ ದಾರಿ ಉಂಟು. ನಮಗೆ ಬೇಕಾದ ಎಲೆಗಳನ್ನು ಎಣಿಸಿ ಎರಡರಿಂದ ಗುಣಿಸಿದರೆ ಮುಂದಿನ ಒಂದು ಎಲೆಯ ಲೆಕ್ಕ ಸುಮಾರಾಗಿ ಸಿಗುತ್ತದೆ. ಒಂಬತ್ತಕ್ಕೆ 18. ಫ್ಲಾಪ್‌ನಲ್ಲಿ ನಿಂತು ಎರಡು ಎಲೆಯನ್ನೂ ನೋಡುವುದಾದರೆ ನಾಲ್ಕರಿಂದ ಗುಣಿಸಬೇಕು. ಒಂಬತ್ತಕ್ಕೆ 36, ನಿಜವಾದ ಲೆಕ್ಕ 35. ಆದರೆ ನಾಲ್ಕರ ಲೆಕ್ಕ ನಡೆಯುವುದು ಮಧ್ಯದಲ್ಲಿ ಮತ್ತೆ ಮಣಿ ಹಾಕಬೇಕಾಗಿ ಬರದಿದ್ದರೆ ಮಾತ್ರ. ಲೆಕ್ಕದ ಮೇಷ್ಟ್ರೇ ಇದನ್ನು ಮರೆತು ಎಷ್ಟೋ ಸಲ ಟರ್ನ್‌ನಲ್ಲಿ ಸಿಕ್ಕಿಬಿದ್ದಿದ್ದಾರೆ.

ಯಾರೂ ಬಿಡದ ಮೇಜಿನಲ್ಲಿ ಬ್ಲಫ್, ಅಂದರೆ ಎಲೆ ಇಲ್ಲದೆ ಮಣಿ ಹಾಕಿ ಹೆದರಿಸುವುದು, ದಂಡ. ನಾಲ್ಕು ಜನ ಎದುರಿದ್ದಾರೆ ಅನ್ನಿ. ಒಬ್ಬೊಬ್ಬರೂ ಎರಡಕ್ಕೆ ಒಂದು ಸಲ ಎಲೆ ಬಿಟ್ಟರೂ ನಾಲ್ವರೂ ಒಟ್ಟಿಗೆ ಬಿಡುವುದು 16ಕ್ಕೆ ಒಂದು ಸಲ. ನಮ್ಮವರು ಅಷ್ಟೂ ಬಿಡುವವರಲ್ಲ. ಪೋಕರ್ ಅಂದರೆ ಮುಖ ಗಂಟಿಕ್ಕಿಕೊಂಡು ಸುಳ್ಳು ಹೇಳುವುದು ಎಂದು ಸಿನಿಮಾ ನೋಡಿ ಅಂದುಕೊಂಡವರೇ ಜಾಸ್ತಿ. ನನಗೆ ಲಾಭ ಬಂದದ್ದು ತದ್ವಿರುದ್ಧ ದಾರಿಯಲ್ಲಿ. ಒಳ್ಳೆಯ ಕೈ ಬಂದಾಗ ಮುಚ್ಚಿಡದೆ ಹಾಕುವುದು. ಕೈಯಲ್ಲಿ ಎಕ್ಕ-ರಾಣಿ ಇದೆ, ಫ್ಲಾಪ್‌ನಲ್ಲಿ ರಾಣಿ, ಎಂಟು, ಮೂರು ಬಂತು. ರಾಶಿಯ ಮುಕ್ಕಾಲಿನಷ್ಟು ಹಾಕುತ್ತೇನೆ. ಟರ್ನ್‌ನಲ್ಲೂ ಹಾಕುತ್ತೇನೆ, ರಿವರ್‌ನಲ್ಲೂ ಹಾಕುತ್ತೇನೆ. ಎಂಟರ ಜೋಡಿ ಹಿಡಿದ ಮೇಷ್ಟ್ರು ಕೊನೆವರೆಗೆ ಬಂದೇ ಬರುತ್ತಾರೆ. ಬಲೆ ಬೀಸಿ ಕಾಯುವ ಅಗತ್ಯವೇ ಇಲ್ಲ.

ಇದಕ್ಕೊಂದು ಎಚ್ಚರಿಕೆ. ಇಡೀ ಸಂಜೆ ಸುಮ್ನೆ ಹಾಕುತ್ತಾ ಬಂದವರು ರಿವರ್‌ನಲ್ಲಿ ಇದ್ದಕ್ಕಿದ್ದಂತೆ ಏರಿಸಿದರೆ ಒಂದು ಜೋಡಿ ಹಿಡಿದು ಕೂರಬಾರದು. ಮೇಷ್ಟ್ರು ಏರಿಸಿದರೆ ಕನಿಷ್ಠ ಎರಡು ಜೋಡಿ ಇದ್ದೇ ಇರುತ್ತದೆ. ಮುಖ ನೋಡಿ ಏನೂ ತಿಳಿಯುವುದಿಲ್ಲ, ಅವರು ತರಗತಿಯಲ್ಲಿ ನಿಂತ ಹಾಗೇ ಕೂರುತ್ತಾರೆ. ತಿಳಿಯುವುದು ಕೈಯಿಂದ. ಡಾಕ್ಟ್ರು ಒಳ್ಳೆಯ ಎಲೆ ಬಂದಾಗ ಮಣಿಯನ್ನು ಒಂದೊಂದಾಗಿ ಎಣಿಸಿ ಇಡುತ್ತಾರೆ, ಇಲ್ಲದಾಗ ಮುಷ್ಟಿಯಲ್ಲಿ ಹಿಡಿದು ಎಸೆಯುತ್ತಾರೆ. ಇಂಥದ್ದು ಕಾಣುವುದು ನಾವು ಪ್ಯಾಕ್ ಮಾಡಿ ಕೂತಾಗ. ಎಲ್ಲ ಕೈಯನ್ನೂ ಆಡುವವನಿಗೆ ತನ್ನ ಎಲೆ ನೋಡಿಕೊಳ್ಳುವುದೇ ಕೆಲಸ.

ಮನೆಯಲ್ಲಿ ಒಬ್ಬನೇ ಇದ್ದಾಗ ಮಾಡುವ ಒಂದು ಅಭ್ಯಾಸವೂ ಇದೆ. ಕಟ್ಟು ಕಲಸಿ ಐದು ಎಲೆ ಬಿಚ್ಚಿಡುವುದು. ಇದರ ಮೇಲೆ ಯಾವ ಎರಡು ಎಲೆ ಇದ್ದರೆ ಯಾರೂ ಸೋಲಿಸಲಾರರು ಎಂದು ಹೇಳುವುದು. ಆಮೇಲೆ ಎರಡನೆಯದು ಯಾವುದು, ಮೂರನೆಯದು ಯಾವುದು. ಊಟಕ್ಕೆ ಕರೆಯುವವರೆಗೆ ಹೀಗೆ ಕೂತರೆ ಸಾಕು. ನೆಲದಲ್ಲಿ ಜೋಡಿ ಬಿದ್ದಾಗ ಫುಲ್ ಹೌಸ್ (ಒಂದೇ ಅಂಕಿಯ ಮೂರು ಎಲೆ, ಜೊತೆಗೊಂದು ಜೋಡಿ) ಇರಬಹುದು ಎನ್ನುವುದು ಆಮೇಲೆ ಮೇಜಿನಲ್ಲಿ ತಾನಾಗಿ ಹೊಳೆಯುತ್ತದೆ.

ಕೆಟ್ಟ ಎಲೆಗೆ ಸೋತಾಗ ತಲೆ ಬಿಸಿಯಾಗುವುದಕ್ಕೆ ಲೆಕ್ಕದಲ್ಲಿ ಮದ್ದಿಲ್ಲ. ನಾನು ಮುಂದಿನ ಎರಡು ಕೈಯನ್ನು ಎಲೆ ನೋಡದೆ ಬಿಟ್ಟು ಜಗಲಿಗೆ ಹೋಗಿ ಬರುತ್ತೇನೆ, ಅಷ್ಟೇ.

ಈಗ ತಮಾಷೆ ಏನೆಂದರೆ ಉಳಿದವರೂ ಕಲಿಯುತ್ತಿದ್ದಾರೆ. ನಾನು 30 ಹಾಕಿದರೆ ಭಾವ ಒಂದು ಸಲ ನನ್ನ ಮುಖ ನೋಡಿ "ಇವ ಸುಮ್ನೆ ಹಾಕುವವ ಅಲ್ಲ" ಅನ್ನುತ್ತಾ ಎಲೆ ತಿರುಗಿಸಿಡುತ್ತಾರೆ. ಒಳ್ಳೆಯ ಎಲೆಗೆ ಮೊದಲಿನಷ್ಟು ಮಣಿ ಬರುತ್ತಿಲ್ಲ. ಹಾಗಾಗಿ ಬ್ಲಫ್‌ನ ಲೆಕ್ಕವನ್ನು ಮತ್ತೆ ತೆಗೆದಿದ್ದೇನೆ. ರಾಶಿ 100 ಇದ್ದಾಗ 50 ಹಾಕಿ ಹೆದರಿಸುವುದಾದರೆ ಮೂರರಲ್ಲಿ ಒಂದು ಸಲ ಎದುರಿನವರು ಬಿಟ್ಟರೆ ಸಾಕು, ನಷ್ಟ ಇಲ್ಲ. ಪೂರ್ತಿ 100 ಹಾಕಿದರೆ ಎರಡರಲ್ಲಿ ಒಂದು ಸಲ ಬಿಡಬೇಕು. ಸದ್ಯಕ್ಕೆ ಏನೂ ಇಲ್ಲದ ಕೈಯಲ್ಲಿ ಮಾಡುವುದಿಲ್ಲ. ಫ್ಲಶ್‌ಗೆ ಒಂದೇ ಎಲೆ ಬಾಕಿ ಇದ್ದು, ಎದುರು ಭಾವ ಒಬ್ಬರೇ ಇದ್ದಾಗ ಮಾತ್ರ ಅರ್ಧ ರಾಶಿ ಹಾಕಿ ನೋಡುತ್ತಿದ್ದೇನೆ. ಬಿಟ್ಟರೆ ಆಗಲೇ ಗೆಲುವು, ಬಿಡದಿದ್ದರೂ ಐದರಲ್ಲಿ ಒಂದು ಸಲ ಎಲೆ ಬೀಳುತ್ತದೆ. ಮೇಷ್ಟ್ರ ಮೇಲೆ ಇದನ್ನು ಇನ್ನೂ ಪ್ರಯೋಗಿಸಿಲ್ಲ. ಅವರು ಈಗಲೂ ಎಂಟರ ಜೋಡಿ ಬಿಡುವುದಿಲ್ಲ.